ಬಂಡೀಪುರಕ್ಕೆ ಒಂದು ದಿನ ಸಾಕೇ?

ವರ್ಷವಿಡೀ ಲೆಕ್ಕಪತ್ರ, ತೆರಿಗೆ, ವಸೂಲಿಗಳಲ್ಲಿ ಮುಳುಗಿರುವ ನಮ್ಮ ವರ್ತಕ ಹಾಗೂ ಕೈಗಾರಿಕೋದ್ಯಮಿ ಬಾಂಧವರು ಮಾರ್ಚ್ ಅಂತ್ಯದ ಗಡಿಬಿಡಿ ಮುಗಿದೊಡನೆ ಕುಟುಂಬದೊಂದಿಗೆ ಊಟಿಯ ದಾರಿ ಹಿಡಿಯುವುದು ವಾಡಿಕೆ. ದಾರಿಯಲ್ಲಿ ಬಂಡೀಪುರ ಸಿಗುತ್ತದೆ. ಒಂದು ಸಫಾರಿ, ಹತ್ತಾರು ಜಿಂಕೆ, ಒಂದು ಲೋಟ ಕಾಫಿ. ಬಳಿಕ ಘಾಟಿಯತ್ತ ಪ್ರಯಾಣ. ಹಿಂದಿರುಗಿದ ಮೇಲೆ "ಅಲ್ಲಿ ಏನೂ ಕಾಣಲಿಲ್ಲ, ದುಡ್ಡು ದಂಡ" ಎಂಬ ದೂರು. ನನ್ನ ಕಕ್ಷಿದಾರರಲ್ಲಿ ಅನೇಕರು ಈ ಮಾತನ್ನು ಆಡಿದ್ದಾರೆ. ಹಲವು ವರ್ಷ ನಾನೂ ಆಡಿದ್ದೇನೆ. ಆದರೆ ಒಮ್ಮೆ ಎರಡು ರಾತ್ರಿ ತಂಗಿದ ನಂತರ ನನ್ನ ಅಭಿಪ್ರಾಯ ಬದಲಾಯಿತು. ಅದರ ಲೆಕ್ಕವನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

1931ರಲ್ಲಿ ಮೈಸೂರು ಮಹಾರಾಜರು ಸುಮಾರು 90 ಚದರ ಕಿ.ಮೀ. ವಿಸ್ತಾರದ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ಸ್ಥಾಪಿಸಿದರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. ಇಂದು ಅದರ ವಿಸ್ತೀರ್ಣ 800 ಚದರ ಕಿ.ಮೀ.ಗೂ ಅಧಿಕ. 2022ರ ರಾಷ್ಟ್ರೀಯ ಗಣತಿಯ ಅಂದಾಜಿನಂತೆ ಇಲ್ಲಿ 150 ಹುಲಿಗಳಿದ್ದವು. ಮೀಸಲು ಅರಣ್ಯಗಳ ಪೈಕಿ ಕಾರ್ಬೆಟ್ ಬಿಟ್ಟರೆ ಇದೇ ಮುಂದೆ. ಸಫಾರಿ ವಾಹನಗಳು ಸಂಚರಿಸುವುದು ಈ ವಿಸ್ತಾರದ ಅಲ್ಪ ಭಾಗದಲ್ಲಿ ಮಾತ್ರ. ಅದನ್ನೂ ಒಂದೆರಡು ಗಂಟೆಯಲ್ಲಿ ನೋಡಿ ತೀರ್ಪು ಕೊಡುವುದು, ಉಗ್ರಾಣದ ಬಾಗಿಲಲ್ಲಿ ನಿಂತು ದಾಸ್ತಾನು ಎಣಿಸಿದಂತೆ.

ವೆಚ್ಚದ ಲೆಕ್ಕ

ಬೆಂಗಳೂರಿನಿಂದ ಬಂಡೀಪುರಕ್ಕೆ ಸುಮಾರು 220 ಕಿ.ಮೀ.; ಹೋಗಿ ಬರಲು 440 ಕಿ.ಮೀ. ಇಂಧನ, ಟೋಲ್, ಅಂಗಡಿ ಮುಚ್ಚಿದ ದಿನದ ನಷ್ಟ, ಇವೆಲ್ಲ ಸ್ಥಿರ ವೆಚ್ಚಗಳು. ಒಂದು ಸಫಾರಿ ಮಾಡಿದರೂ ನಾಲ್ಕು ಮಾಡಿದರೂ ಪ್ರಯಾಣದ ಖರ್ಚು ಅಷ್ಟೇ. ಹೆಚ್ಚುವರಿ ರಾತ್ರಿಗೆ ತಗಲುವುದು ವಸತಿ, ಊಟ ಮತ್ತು ಸಫಾರಿ ಶುಲ್ಕ ಮಾತ್ರ.

ಫಲವೇನು? ಒಂದು ಸಫಾರಿಯಲ್ಲಿ ಹುಲಿ ಕಾಣುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಕೇವಲ ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಎರಡು ಸಫಾರಿಗಳಲ್ಲಿ ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇ. 44ರಷ್ಟಾಗುತ್ತದೆ. ಎರಡು ರಾತ್ರಿ ತಂಗಿ, ಬೆಳಿಗ್ಗೆ ಎರಡು, ಸಂಜೆ ಎರಡು ಸಫಾರಿ ಮಾಡಿದರೆ ಅದು ಶೇ. 68ಕ್ಕೆ ಏರುತ್ತದೆ. ಮೂರು ವರ್ಷದಲ್ಲಿ ಮೂರು ಬಾರಿ ಅವಸರದಲ್ಲಿ ಹೋಗಿ 1,320 ಕಿ.ಮೀ. ಸುತ್ತುವ ಬದಲು ಒಮ್ಮೆ ನಿಧಾನವಾಗಿ ತಂಗುವುದು ಲಾಭಕರ. ಅರಣ್ಯದ ರಸ್ತೆಯ ಮೇಲಿನ ಹೊರೆಯೂ ಕಡಿಮೆ.

ಹುಲಿಯೊಂದೇ ಲಾಭವಲ್ಲ

ಹುಲಿ ಕಂಡರೆ ಲಾಭ, ಕಾಣದಿದ್ದರೆ ನಷ್ಟ ಎಂಬ ಲೆಕ್ಕವೇ ದೋಷಪೂರ್ಣ. ಮೊದಲ ಸಂಜೆ ನನಗೆ ಕಂಡದ್ದು ಬರೀ ಮರ ಮತ್ತು ಜಿಂಕೆ. ಎರಡನೆಯ ಮುಂಜಾನೆ ಮುಸುವಗಳ ಎಚ್ಚರಿಕೆಯ ಕೂಗು ಯಾವುದು, ಜಿಂಕೆಗಳು ಏಕೆ ಕಿವಿ ನಿಮಿರಿಸಿ ಒಂದೇ ದಿಕ್ಕಿಗೆ ನಿಂತಿವೆ ಎಂಬುದು ತಿಳಿಯತೊಡಗಿತು. ಮೂರನೆಯ ಸಫಾರಿಯಲ್ಲಿ ಕೆರೆಯ ದಡದ ಕಾಟಿಗಳ ಹಿಂಡನ್ನು ನೋಡುತ್ತಾ ಹುಲಿಯನ್ನೇ ಮರೆತಿದ್ದೆವು. ನಾಲ್ಕು ಸಫಾರಿಗಳಲ್ಲಿಯೂ ಹುಲಿ ಕಾಣಲಿಲ್ಲ. ಆದರೂ ಮನೆಯಲ್ಲಿ ಯಾರೂ ದುಡ್ಡು ದಂಡವಾಯಿತು ಎನ್ನಲಿಲ್ಲ.

ಸಫಾರಿಗಳ ನಡುವಿನ ವೇಳೆಯಲ್ಲಿ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬರಬಹುದು. ಅಲ್ಲಿಗೆ ಸ್ವಂತ ವಾಹನಕ್ಕೆ ಪ್ರವೇಶವಿಲ್ಲ; ಬೆಟ್ಟದ ಬುಡದಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ಗುಂಡ್ಲುಪೇಟೆಯ ಸುತ್ತ ಚೆಂಡುಹೂವು, ಸೂರ್ಯಕಾಂತಿಯ ಹೊಲಗಳು ಕಣ್ಣು ತುಂಬುತ್ತವೆ. ಬೇಸಿಗೆಯಲ್ಲಿ ಪ್ರಾಣಿಗಳು ನೀರಿನ ಬಳಿಗೆ ಬರುವುದರಿಂದ ನೋಟ ಸುಲಭ. ಆದರೆ ಅದೇ ಕಾಡ್ಗಿಚ್ಚಿನ ಕಾಲವೂ ಹೌದು. 2019ರ ಫೆಬ್ರವರಿಯಲ್ಲಿ ಇಲ್ಲಿ ಸಾವಿರಾರು ಎಕರೆ ಅರಣ್ಯ ಸುಟ್ಟುಹೋಯಿತು.

ಲೆಕ್ಕಕ್ಕೆ ಬಾರದ ಹೊಣೆ

ಆಸ್ತಿಯನ್ನು ನೋಡಿದವರು ಹೊಣೆಯನ್ನೂ ನೋಡಬೇಕು. ನಮ್ಮ ಸಂತೋಷದ ಬೆಲೆಯನ್ನು ಕಾಡಂಚಿನ ರೈತನೂ ತೆರುತ್ತಾನೆ. 2025ರಲ್ಲಿ ಹುಲಿ ದಾಳಿಗೆ ಸಿಲುಕಿ ಗ್ರಾಮಸ್ಥರು ಮೃತಪಟ್ಟಾಗ, ನವೆಂಬರ್ ತಿಂಗಳಲ್ಲಿ ರಾಜ್ಯ ಸರ್ಕಾರವು ಬಂಡೀಪುರ ಹಾಗೂ ನಾಗರಹೊಳೆಗಳಲ್ಲಿ ಸಫಾರಿಯನ್ನೇ ಸ್ಥಗಿತಗೊಳಿಸಿತು. ಆದುದರಿಂದ ಹೊರಡುವ ಮುನ್ನ ಸಫಾರಿಯ ಸ್ಥಿತಿಗತಿಯನ್ನು ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳುವುದು ಅಗತ್ಯ. ತಂಗುವವರು ಹಣ್ಣು, ತರಕಾರಿ, ಊಟೋಪಚಾರಗಳಿಗೆ ಆ ಭಾಗದ ಸಣ್ಣ ವ್ಯಾಪಾರಿಗಳನ್ನೇ ಆಶ್ರಯಿಸಿದರೆ ಕಾಡಿನಿಂದ ಬರುವ ಆದಾಯದ ಒಂದು ಪಾಲು ಕಾಡಿನ ನೆರೆಯವರಿಗೂ ಸೇರುತ್ತದೆ. ವಾಹನದಲ್ಲಿ ಕುಳಿತು ದಾಟಿಹೋಗುವವರಿಂದ ಇದು ಆಗದು.

ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅರಣ್ಯದೊಳಗಿನ ಹೆದ್ದಾರಿಗಳಲ್ಲಿ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಸರಕು ಸಾಗಣೆಗೆ ತೊಡಕೆಂದು ನಮ್ಮಲ್ಲಿ ಕೆಲವರು ಇದನ್ನು ಆಕ್ಷೇಪಿಸುವುದುಂಟು. ಅಲ್ಲಿ ಒಂದು ರಾತ್ರಿ ತಂಗಿ, ಆ ನಿಶ್ಶಬ್ದವನ್ನು ಕೇಳಿದವರು ಆ ಆಕ್ಷೇಪವನ್ನು ಮರುಪರಿಶೀಲಿಸಿಯಾರು ಎಂದು ನನ್ನ ನಂಬಿಕೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು: ಬಂಡೀಪುರವು ಎರಡು ರಾತ್ರಿಗೆ ಅರ್ಹ. ಅಷ್ಟು ಬಿಡುವಿಲ್ಲದವರು ಬಿಡುವಾಗುವವರೆಗೆ ಕಾಯುವುದು ಲೇಸು. ಕೊನೆಯದಾಗಿ ವೃತ್ತಿಧರ್ಮದ ಒಂದು ಮಾತು: ಕುಟುಂಬ ಪ್ರವಾಸದ ಬಿಲ್ಲುಗಳನ್ನು ದಯವಿಟ್ಟು ವ್ಯಾಪಾರದ ಖರ್ಚಿಗೆ ಸೇರಿಸಬೇಡಿ. ಅದು ಸ್ವಂತ ಖರ್ಚು. ಪಡೆದ ಸಂತೋಷವೂ ಸ್ವಂತದ್ದೇ.