ಬಿಲ್ಲಿನ ಅಂಕಿ, ಪೆಟ್ಟಿಗೆಯ ಅಂಕಿ

ಹೈದರಾಬಾದಿನ ಬಾಲಾನಗರವು 1960ರ ದಶಕದಲ್ಲಿ ಸಾರ್ವಜನಿಕ ವಲಯದ ಕಾರ್ಖಾನೆಗಳ ಸುತ್ತ ಬೆಳೆದ ಪ್ರದೇಶ. ಸೋವಿಯತ್ ನೆರವಿನಿಂದ ಸ್ಥಾಪನೆಯಾದ ಐಡಿಪಿಎಲ್ ಔಷಧ ಕಾರ್ಖಾನೆ, ವಿಮಾನಗಳ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಹಿಂದೂಸ್ತಾನ್ ಏರೋನಾಟಿಕ್ಸ್‌ನ ವಿಭಾಗ, 1968ರಲ್ಲಿ ಆರಂಭವಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ ಇವುಗಳ ಆಸುಪಾಸಿನಲ್ಲಿ ಲೇತ್, ಪ್ರೆಸ್ ಮತ್ತು ತಗಡಿನ ಕೆಲಸದ ಸಣ್ಣ ಶೆಡ್ಡುಗಳು ಸಾಲುಸಾಲಾಗಿ ಎದ್ದವು. ಬೀದರ್, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವೇ ಆಗಿದ್ದುದರಿಂದ ಅಲ್ಲಿನ ಕನ್ನಡಿಗರಿಗೆ ಈ ನಗರ ಪರಸ್ಥಳವೆನಿಸಿದ್ದು ಕಡಿಮೆ. ಜಹೀರಾಬಾದ್, ಪಟಾನ್‌ಚೆರು ದಾಟಿ ಕೂಕಟ್‌ಪಲ್ಲಿಯ ಮೂಲಕ ನಗರವನ್ನು ಹೊಗುವ ಹೆದ್ದಾರಿಯಲ್ಲಿ ಇಂದಿಗೂ ಕೆಲಸ ಅರಸಿ ಬರುವವರಿದ್ದಾರೆ. ಇಂತಹ ಕಡೆಯಲ್ಲಿ ಗ್ರಾಹಕ ಮತ್ತು ಕೆಲಸಗಾರ ಎಂಬ ಎರಡು ವರ್ಗಗಳು ಬೇರೆಬೇರೆಯಾಗಿ ನಿಲ್ಲುವುದಿಲ್ಲ. ಹಗಲು ಶೆಡ್ಡಿನಲ್ಲಿ ದುಡಿದವರೇ ಸಂಜೆ ಊಟ ತರಿಸುತ್ತಾರೆ, ಹಬ್ಬಕ್ಕೆ ಸೌಂಡ್‌ಬಾರ್ ಕೊಳ್ಳುತ್ತಾರೆ, ಅದನ್ನು ಹೊತ್ತು ತಂದವನಿಗೆ ಹತ್ತೋ ಇಪ್ಪತ್ತೋ ಕೊಡಬೇಕೇ ಬೇಡವೇ ಎಂದು ಬಾಗಿಲಲ್ಲಿ ನಿಂತು ಯೋಚಿಸುತ್ತಾರೆ.

ಈ ಯೋಚನೆಯ ಹಿಂದೆ ಎರಡು ಅಭಿಪ್ರಾಯಗಳು ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತವೆ. ಬಿಸಿಲು ಮಳೆ ಎನ್ನದೆ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಒಂದು. ಸಂಬಳ ಕೊಡಬೇಕಾದದ್ದು ಕಂಪನಿ, ಅದರ ಹೊಣೆಯನ್ನು ಗ್ರಾಹಕ ಏಕೆ ಹೊರಬೇಕು ಎಂಬುದು ಇನ್ನೊಂದು. ಎರಡರಲ್ಲಿಯೂ ನ್ಯಾಯವಿದೆ. ಆದರೆ ಇವೆರಡೂ ಕೊಡುವವನ ಮನಸ್ಸನ್ನಷ್ಟೇ ನೋಡುತ್ತವೆಯೇ ಹೊರತು, ಕೊಟ್ಟ ಹಣ ಯಾರ ಕೈ ಸೇರುತ್ತದೆ ಎಂಬ ಮುಖ್ಯ ಪ್ರಶ್ನೆಯನ್ನು ಕೇಳುವುದಿಲ್ಲ.

ಉಡುಪಿ ಹೋಟೆಲುಗಳಲ್ಲಿ ದಶಕಗಳ ಕಾಲ ನಡೆದುಬಂದ ರೂಢಿಯಲ್ಲಿ ಆ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಊಟವಾದ ಮೇಲೆ ಬಿಲ್ಲಿನ ಜೊತೆಗೆ ಸೋಂಪಿನ ತಟ್ಟೆ ಬರುತ್ತಿತ್ತು, ಉಳಿದ ಚಿಲ್ಲರೆಯನ್ನು ಗ್ರಾಹಕ ಆ ತಟ್ಟೆಯಲ್ಲಿಯೇ ಬಿಟ್ಟು ಏಳುತ್ತಿದ್ದ, ಬಡಿಸಿದವನು ಅದನ್ನು ಎತ್ತಿಕೊಳ್ಳುತ್ತಿದ್ದ. ಮೊತ್ತ ಸಣ್ಣದಾಗಿದ್ದರೂ ಅದನ್ನು ಯಾರೂ ಕೇಳುತ್ತಿರಲಿಲ್ಲ, ಸೇವೆ ಮುಗಿದ ಮೇಲೆಯೇ ಕೊಡಲಾಗುತ್ತಿತ್ತು, ಮಧ್ಯೆ ಮೂರನೆಯವರ ಕೈ ಇರಲಿಲ್ಲ. 2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಬಂದು ಕೆಲವೇ ವರ್ಷಗಳಲ್ಲಿ ಚಹಾದಂಗಡಿಯವರೆಗೂ ಹರಡಿದಾಗ ಈ ಏರ್ಪಾಡು ಸದ್ದಿಲ್ಲದೆ ಕುಸಿಯಿತು. ನೂರಾ ನಲವತ್ತೇಳು ರೂಪಾಯಿಯ ಬಿಲ್ಲಿಗೆ ನೂರಾ ನಲವತ್ತೇಳನ್ನೇ ಕಳಿಸಬಹುದಾದ್ದರಿಂದ ಚಿಲ್ಲರೆ ಎಂಬುದೇ ಉಳಿಯಲಿಲ್ಲ. ಒಳ್ಳೆಯ ಮನಸ್ಸಿನಿಂದ ನೂರಾ ಅರವತ್ತು ಕಳಿಸಿದರೂ ಮೇಜಿನ ಮೇಲಿನ ಕ್ಯೂಆರ್ ಸಂಕೇತ ಮಾಲೀಕನ ಖಾತೆಯದು. ಹೆಚ್ಚುವರಿ ಹದಿಮೂರು ರೂಪಾಯಿ ಬಡಿಸಿದವನಿಗೆ ತಲುಪಬೇಕಾದರೆ ಮಾಲೀಕನ ಲೆಕ್ಕ ಮತ್ತು ಮನಸ್ಸು ಎರಡೂ ಸರಿಯಿರಬೇಕು. ಡಿಜಿಟಲ್ ಪಾವತಿಯಿಂದ ಆದ ಅನುಕೂಲಗಳ ನಡುವೆ ಈ ನಷ್ಟವನ್ನು ಎಣಿಸಿದವರು ವಿರಳ. ಅದನ್ನು ಹೊತ್ತವರು ಮಾತ್ರ ಅತ್ಯಂತ ಕಡಿಮೆ ಸಂಬಳದವರು.

ದೊಡ್ಡ ರೆಸ್ಟೋರೆಂಟುಗಳು ಹಿಡಿದ ದಾರಿ ಬೇರೆ. ಅವು ಸೇವಾ ಶುಲ್ಕ ಎಂಬ ಹೆಸರಿನಲ್ಲಿ ಬಿಲ್ಲಿನ ಮೊತ್ತದ ಶೇಕಡಾ 5ರಿಂದ 10ರಷ್ಟನ್ನು, ಕೆಲವೆಡೆ ಅದಕ್ಕಿಂತ ಹೆಚ್ಚನ್ನು, ತಾವಾಗಿಯೇ ಸೇರಿಸತೊಡಗಿದವು. ಇದು ಸರ್ಕಾರದ ತೆರಿಗೆಯಲ್ಲ. ಆದರೆ ಜಿಎಸ್‌ಟಿಯ ಸಾಲಿನ ಪಕ್ಕದಲ್ಲಿಯೇ ಅಚ್ಚಾಗುವುದರಿಂದ ತೆರಿಗೆಯೆಂದೇ ತಿಳಿದು ಕೊಟ್ಟವರು ಬಹಳ. ಗ್ರಾಹಕರ ಹಕ್ಕುಗಳ ರಕ್ಷಣೆಗೆಂದು 2019ರ ಕಾಯ್ದೆಯಡಿ ರಚಿತವಾದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಯಾವ ಹೋಟೆಲೂ ಸೇವಾ ಶುಲ್ಕವನ್ನು ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿ ವಸೂಲು ಮಾಡುವಂತಿಲ್ಲ, ಕೊಡಲೊಪ್ಪದವರಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಹೋಟೆಲುಗಳ ಸಂಘಗಳು ಇದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. 2025ರ ಮಾರ್ಚ್ 28ರಂದು ನ್ಯಾಯಾಲಯವು ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿಗಳನ್ನು ದಂಡಸಹಿತ ವಜಾ ಮಾಡಿತು. ಈ ಶುಲ್ಕ ನೌಕರರಿಗೇ ಹಂಚಿಕೆಯಾಗುತ್ತದೆ ಎಂಬುದು ಮಾಲೀಕರ ವಾದದ ಒಂದು ಎಳೆಯಾಗಿತ್ತು. ಹಂಚಿಕೆಯಾಗುವುದೇ ನಿಜವಾದರೆ ಅದನ್ನು ಸಂಬಳವಾಗಿ ಕೊಟ್ಟು ತಿಂಡಿಯ ಬೆಲೆಯಲ್ಲಿ ಸೇರಿಸುವುದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ. ಬೆಲೆಪಟ್ಟಿಯಲ್ಲಿ ಕಡಿಮೆ ಬೆಲೆ ತೋರಿಸಿ ಬಿಲ್ಲಿನಲ್ಲಿ ಹೆಚ್ಚಿಸುವುದು ನೌಕರನ ಹೆಸರಿನಲ್ಲಿ ನಡೆಯುವ ವ್ಯಾಪಾರವೇ ಸರಿ.

ಟಿಪ್ಸ್ ಮತ್ತು ಸಂಬಳದ ನಡುವಿನ ವ್ಯತ್ಯಾಸವನ್ನು ನ್ಯಾಯಾಲಯಗಳೂ ಗುರುತಿಸಿವೆ. ಹೋಟೆಲಿನ ಗ್ರಾಹಕರು ಬಿಲ್ಲಿನ ಜೊತೆಗೆ ಕೊಟ್ಟ ಟಿಪ್ಸನ್ನು ಮಾಲೀಕ ಸಂಗ್ರಹಿಸಿ ನೌಕರರಿಗೆ ಹಂಚಿದರೂ ಅದು ಆದಾಯ ತೆರಿಗೆಯ ದೃಷ್ಟಿಯಲ್ಲಿ ಸಂಬಳವೆನಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು ಐಟಿಸಿ ಕಂಪನಿಯ ಪ್ರಕರಣದಲ್ಲಿ 2016ರಲ್ಲಿ ತೀರ್ಪು ನೀಡಿತು. ಟಿಪ್ಸ್ ಕೊಡುವವರು ಇದರ ಇನ್ನೊಂದು ಮುಖವನ್ನು ಅರಿತಿರಬೇಕು: ಸಂಬಳದ ಒಂದು ಭಾಗ ಭವಿಷ್ಯ ನಿಧಿಗೆ ಹೋಗುತ್ತದೆ, ನಿವೃತ್ತಿಯ ಉಪದಾನದ ಲೆಕ್ಕಕ್ಕೆ ಬರುತ್ತದೆ, ಬ್ಯಾಂಕಿನ ಸಾಲಕ್ಕೆ ಆಧಾರವಾಗುತ್ತದೆ, ಕೈಗೆ ಬಂದ ಟಿಪ್ಸ್ ಆ ದಿನದ ಖರ್ಚಿಗೆ ಆಗಿ ಮುಗಿಯುತ್ತದೆ. ಅಮೆರಿಕದಲ್ಲಿ ಟಿಪ್ಸ್ ಪಡೆಯುವ ಕೆಲಸಗಾರನಿಗೆ ಮಾಲೀಕ ಕೊಡಬೇಕಾದ ಕನಿಷ್ಠ ನಗದು ವೇತನ ಒಕ್ಕೂಟ ಕಾನೂನಿನಲ್ಲಿ 1991ರಿಂದಲೂ ಗಂಟೆಗೆ 2.13 ಡಾಲರ್‌ನಲ್ಲಿಯೇ ನಿಂತಿದೆ; ಉಳಿದದ್ದನ್ನು ಗ್ರಾಹಕರ ಔದಾರ್ಯ ತುಂಬಬೇಕೆಂಬುದು ಅಲ್ಲಿನ ಲೆಕ್ಕ. ಬ್ರಿಟನ್ ಇದಕ್ಕೆ ವಿರುದ್ಧವಾಗಿ, ಟಿಪ್ಸಿನ ಹಣವನ್ನು ಮಾಲೀಕ ಒಂದಿಷ್ಟೂ ಹಿಡಿದುಕೊಳ್ಳದೆ ನೌಕರರಿಗೆ ತಲುಪಿಸಬೇಕೆಂಬ ಕಾಯ್ದೆಯನ್ನು 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಭಾರತದ ಗ್ರಾಹಕ ಯಾವ ದಾರಿಯನ್ನು ಬಯಸಬೇಕೆಂಬುದರಲ್ಲಿ ಸಂದೇಹಕ್ಕೆ ಕಾರಣವಿಲ್ಲ.

ಬೆಂಗಳೂರಿನ ಆಟೊಗಳಲ್ಲಿ ಬಹುಕಾಲದಿಂದ ಕೇಳಿಬರುವ ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎಂಬ ಮಾತು ಆ್ಯಪಿನ ತೆರೆಯ ಮೇಲೂ ಗುಂಡಿಯಾಗಿ ಮೂಡಿತು. ಊಬರ್ ಸಂಸ್ಥೆಯು ಸವಾರಿ ಆರಂಭವಾಗುವ ಮೊದಲೇ, ಹೆಚ್ಚುವರಿ ಹಣ ಸೇರಿಸಿದರೆ ವಾಹನ ಬೇಗ ಸಿಗಬಹುದೆಂದು ಸೂಚಿಸುತ್ತ ಮುಂಗಡ ಟಿಪ್ಸ್ ಕೇಳುತ್ತಿದ್ದುದರ ಬಗ್ಗೆ 2025ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು ಬಹಿರಂಗವಾಗಿ ಆಕ್ಷೇಪಿಸಿದರು. ಟಿಪ್ಸ್ ಎಂಬುದು ಸೇವೆಯ ಬಳಿಕ ಮೆಚ್ಚುಗೆಯಿಂದ ಕೊಡುವಂಥದ್ದು, ಹಕ್ಕಿನಿಂದ ಕೇಳುವಂಥದ್ದಲ್ಲ ಎಂಬುದು ಅವರ ನಿಲುವಾಗಿತ್ತು, ಅದರಂತೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಸಂಸ್ಥೆಗೆ ನೋಟಿಸನ್ನೂ ನೀಡಿತು. ಆ ನಿಲುವು ಸರಿಯಾದುದು. ಸೇವೆ ಇನ್ನೂ ಆರಂಭವಾಗದಿರುವಾಗ ಮೆಚ್ಚುವುದಕ್ಕೆ ಏನೂ ಇರುವುದಿಲ್ಲ. ಮಳೆಯಲ್ಲಿ ನಿಂತ ಇಬ್ಬರಲ್ಲಿ ಹೆಚ್ಚು ಕೊಡಬಲ್ಲವನಿಗೆ ವಾಹನ ಸಿಗುವ ಹರಾಜು ಮಾತ್ರ ಇರುತ್ತದೆ. ಆದರೆ ಚಾಲಕನ ಕಡೆಯಿಂದಲೂ ನೋಡಬೇಕಾದದ್ದಿದೆ: ಮೂಲ ದರ ಸಾಲದೆಂಬ ಕಾರಣಕ್ಕೇ ಆತ ಹೆಚ್ಚುವರಿಗೆ ಕಾಯುತ್ತಾನೆ, ಮತ್ತು ಆ ದರವನ್ನು ಗೊತ್ತುಮಾಡಿದವನು ಆತನಲ್ಲ.

ಆ್ಯಪ್‌ಗಳ ಮೂಲಕ ಒಂದೊಂದು ಕೆಲಸಕ್ಕೆ ಇಷ್ಟೆಂದು ಪಡೆದು ದುಡಿಯುವವರನ್ನು ಗಿಗ್ ಕಾರ್ಮಿಕರೆಂದು ಕರೆಯುತ್ತಾರೆ. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2020–21ರಲ್ಲಿ ದೇಶದಲ್ಲಿ ಅವರ ಸಂಖ್ಯೆ 77 ಲಕ್ಷವಿತ್ತು. 2029–30ರ ವೇಳೆಗೆ ಅದು 2.35 ಕೋಟಿ ಮುಟ್ಟಬಹುದೆಂಬ ಅಂದಾಜೂ ಅದರಲ್ಲಿದೆ. ಹೈದರಾಬಾದಿನಲ್ಲಿ ತೆಲಂಗಾಣ ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕಾರ್ಮಿಕರ ಸಂಘವು ದರ, ಅಪಘಾತ ವಿಮೆ ಮತ್ತು ಖಾತೆಗಳನ್ನು ಹಠಾತ್ತನೆ ಮುಚ್ಚುವುದರ ವಿರುದ್ಧ ನಿರಂತರವಾಗಿ ದನಿಯೆತ್ತುತ್ತ ಬಂದಿದೆ. ತೆಲಂಗಾಣ ಸರ್ಕಾರವು 2025ರ ಏಪ್ರಿಲ್‌ನಲ್ಲಿ ಈ ಕಾರ್ಮಿಕರಿಗಾಗಿ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಕರ್ನಾಟಕವು ಅದೇ ವರ್ಷ ತಂದ ಕಾಯ್ದೆಯಲ್ಲಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇಕಡಾ 1ರಿಂದ 5ರಷ್ಟನ್ನು ಕಂಪನಿಯೇ ಕಲ್ಯಾಣ ನಿಧಿಗೆ ಕಟ್ಟಬೇಕು, ಕೆಲಸದಿಂದ ತೆಗೆಯುವ ಮೊದಲು ಕಾರಣ ತಿಳಿಸಿ 14 ದಿನಗಳ ನೋಟಿಸು ಕೊಡಬೇಕು ಎಂಬ ನಿಯಮಗಳಿವೆ. ಬಾಗಿಲಲ್ಲಿ ಕೊಡುವ ಇಪ್ಪತ್ತು ರೂಪಾಯಿ ಒಂದು ಸಂಜೆಗೆ ಆದೀತು. ಕಾಲು ಮುರಿದು ಮೂರು ತಿಂಗಳು ಮಲಗಿದವನಿಗೆ ಬೇಕಾದದ್ದು ಈ ನಿಧಿಯೇ.

ಇನ್ನು ಬಾಗಿಲಿಗೆ ಬಂದವನು ಹೊತ್ತು ತಂದ ಸೌಂಡ್‌ಬಾರಿನ ಪೆಟ್ಟಿಗೆಯ ವಿಷಯ. ಟಿವಿಗಳು ತೆಳ್ಳಗಾದಂತೆ ಅವುಗಳ ಸ್ಪೀಕರ್‌ಗಳಿಗೆ ಜಾಗವಿಲ್ಲದಂತಾಗಿ, ನೆಲದತ್ತಲೋ ಗೋಡೆಯತ್ತಲೋ ಮುಖಮಾಡಿದ ಸಣ್ಣ ಸ್ಪೀಕರ್‌ಗಳಿಂದ ಮಾತು ಮಸುಕಾಗಿ ಕೇಳತೊಡಗಿತು. ಮಧ್ಯಮ ವರ್ಗದ ಮನೆಗಳಿಗೆ ಸೌಂಡ್‌ಬಾರ್ ಬರಲು ಇದು ಮುಖ್ಯ ಕಾರಣ. ಬಾಲಾನಗರದಂತಹ ಪ್ರದೇಶದಲ್ಲಿ ಇನ್ನೊಂದು ಕಾರಣವನ್ನೂ ಗಮನಿಸಬೇಕು. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಪಾಳಿಗೆ ಅನುಮತಿಯಿರುವ ಸದ್ದಿನ ಮಿತಿ 90 ಡೆಸಿಬಲ್. ಪ್ರೆಸ್ ಮತ್ತು ಗ್ರೈಂಡಿಂಗ್ ಯಂತ್ರಗಳ ಬಳಿ ವರ್ಷಗಟ್ಟಲೆ ದುಡಿದವರ ಕಿವಿ ಮೊದಲು ಕಳೆದುಕೊಳ್ಳುವುದು ಸೆಕೆಂಡಿಗೆ ಸುಮಾರು 4000 ಕಂಪನಗಳ ಆಸುಪಾಸಿನ ಸ್ವರಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆಗೆ ಬೇಕಾದ ಕಂಪನಗಳು ಬಹುಮಟ್ಟಿಗೆ ಈ ಎತ್ತರದಲ್ಲಿಯೇ ಇರುವುದರಿಂದ, ಸದ್ದು ಕೇಳಿಸಿದರೂ ಮಾತು ತಿಳಿಯುವುದಿಲ್ಲ. ಆಗ ಮನೆಯವರು ಧ್ವನಿಯನ್ನು ಏರಿಸುತ್ತಾರೆ, ಅದೂ ಸಾಲದೆ ಹೆಚ್ಚು ವಾಟ್‌ಗಳ ಪೆಟ್ಟಿಗೆಯನ್ನು ಹುಡುಕುತ್ತಾರೆ. ಅವರಿಗೆ ಬೇಕಾದದ್ದು ಹೆಚ್ಚು ಸದ್ದಲ್ಲ, ಹೆಚ್ಚು ಸ್ಪಷ್ಟತೆ.

ಪೆಟ್ಟಿಗೆಯ ಮೇಲಿನ ವಾಟ್ ಸಂಖ್ಯೆಯು ಬಿಲ್ಲಿನ ಸೇವಾ ಶುಲ್ಕದಷ್ಟೇ ತಪ್ಪುದಾರಿಗೆ ಎಳೆಯಬಲ್ಲದು. ಪಿಎಂಪಿಒ ಎಂದು ಬರೆದಿದ್ದರೆ ಅದು ಉಪಕರಣವು ಕ್ಷಣಾರ್ಧದ ಮಟ್ಟಿಗೆ ಮುಟ್ಟಬಹುದೆಂದು ತಯಾರಕರು ಹೇಳಿಕೊಳ್ಳುವ ಶಿಖರ ಶಕ್ತಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲದಿರುವುದರಿಂದ ಆ ಅಂಕಿಯನ್ನು ಎಷ್ಟು ಬೇಕಾದರೂ ಉಬ್ಬಿಸಬಹುದು. ಆರ್‌ಎಂಎಸ್ ಎಂದು ಬರೆದದ್ದು ಉಪಕರಣ ನಿರಂತರವಾಗಿ ಕೊಡಬಲ್ಲ ಶಕ್ತಿ, ಹೋಲಿಕೆಗೆ ತಕ್ಕದ್ದು ಇದೊಂದೇ. ಅದರಲ್ಲಿಯೂ ವಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ. 50 ವಾಟ್‌ನಿಂದ 100 ವಾಟ್‌ಗೆ ಹೋದರೆ ಏರುವುದು ಕೇವಲ 3 ಡೆಸಿಬಲ್. ಕಿವಿಗೆ ಸದ್ದು ಎರಡರಷ್ಟೆನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ವಾಟ್‌ಗಳನ್ನು ಹತ್ತು ಪಟ್ಟು ಹೆಚ್ಚಿಸಬೇಕು. ಮನೆಬಳಕೆಯ ಸಾಮಾನ್ಯ ಸ್ಪೀಕರ್ ಒಂದೇ ವಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್‌ಗೆ ಹತ್ತಿರದ ಸದ್ದನ್ನು ಕೊಡುತ್ತದೆ, ಮನುಷ್ಯರ ಮಾತುಕತೆಯಾದರೋ ಸುಮಾರು 60 ಡೆಸಿಬಲ್. ಹತ್ತಡಿ ಹನ್ನೆರಡಡಿಯ ಕೋಣೆಗೆ ನೂರಾರು ವಾಟ್ ಏಕೆ ಬೇಕೆಂದು ಅಂಗಡಿಯವರನ್ನು ಕೇಳುವ ಹಕ್ಕು ಗ್ರಾಹಕನಿಗಿದೆ.

ಅಂಗಡಿಯವರು ಹೇಳುವ 2.1, 3.1, 5.1 ಎಂಬ ಅಂಕಿಗಳಲ್ಲಿ ಚುಕ್ಕೆಯ ಮೊದಲಿನದು ಸ್ಪೀಕರ್ ವಾಹಿನಿಗಳ ಸಂಖ್ಯೆ, ಚುಕ್ಕೆಯ ನಂತರದ ಒಂದು ಸಬ್‌ವೂಫರ್, ಅಂದರೆ ತಗ್ಗಿನ ಸ್ವರಗಳಿಗೆಂದೇ ಇರುವ ದೊಡ್ಡ ಡಬ್ಬಿ. ಸಿನಿಮಾದ ಸಂಭಾಷಣೆ ಹೆಚ್ಚಾಗಿ ನಡುವಿನ ವಾಹಿನಿಯಿಂದ ಬರುವುದರಿಂದ, ಮಾತು ತಿಳಿಯಬೇಕೆನ್ನುವ ಹಿರಿಯರಿರುವ ಮನೆಗೆ ನಡುವೆ ಪ್ರತ್ಯೇಕ ಸ್ಪೀಕರ್ ಇರುವ 3.1 ಮಾದರಿಯು, ಹಿಂದೆ ಎರಡು ಸ್ಪೀಕರ್ ನೇತುಹಾಕಲು ಜಾಗವೇ ಇಲ್ಲದ ಕಡೆ ಕೊಳ್ಳುವ 5.1 ಮಾದರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಾಗಲಿ ಬೆಂಗಳೂರಿನ ಎಸ್‌ಪಿ ರಸ್ತೆಯಾಗಲಿ, ಅಂಗಡಿಯಲ್ಲಿ ಕೇಳಿಸುವುದು ಬಹುತೇಕ ತಗ್ಗಿನ ಸ್ವರ ಗುಡುಗುವ ಹಾಡನ್ನೇ. ಅದರ ಬದಲು ಕನ್ನಡದ ಸುದ್ದಿ ವಾಚನವೊಂದನ್ನು ಮೊಬೈಲಿನಿಂದ ಸಣ್ಣ ಧ್ವನಿಯಲ್ಲಿ ಹಾಕಿಸಿ, ಪ್ರತಿ ಪದ ತಿಳಿಯುತ್ತದೆಯೇ ಎಂದು ಪರೀಕ್ಷಿಸುವುದು ಉತ್ತಮ. ಮನೆಗೆ ತಂದ ಮೇಲೂ ಟೈಲ್ಸಿನ ನೆಲ ಮತ್ತು ಬರಿಯ ಗೋಡೆಗಳಿಂದ ಸದ್ದು ಮರಳಿ ಬಂದು ಮಾತನ್ನು ಕಲಸುತ್ತದೆ; ದಪ್ಪ ಪರದೆ, ಜಮಖಾನೆ, ಹಾಸಿಗೆ ಇವು ಅದನ್ನು ಹೀರಿಕೊಳ್ಳುವುದರಿಂದ ಕೆಲವು ನೂರು ರೂಪಾಯಿಯ ಪರದೆಯು ಸಾವಿರಾರು ರೂಪಾಯಿಯ ಹೆಚ್ಚುವರಿ ವಾಟ್‌ಗಳ ಕೆಲಸವನ್ನು ಮಾಡೀತು. ಗೋಡೆಯಾಚೆಯ ನೆರೆಮನೆಯ ಹಿತವೂ ಇದರಲ್ಲಿದೆ: 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್. ಕಾರ್ಖಾನೆಗಳ ನಡುವೆ ಬದುಕುವವರಿಗೆ ನಿಶ್ಶಬ್ದದ ಅಗತ್ಯ ಉಳಿದವರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಕೊಳ್ಳುವಾಗ ಐನೂರು ರೂಪಾಯಿ ಚೌಕಾಸಿ ಮಾಡಿ ಗೆದ್ದವರಿಗೂ, ಸಬ್‌ವೂಫರಿನ ಪೆಟ್ಟಿಗೆಯನ್ನು ಲಿಫ್ಟಿಲ್ಲದ ಮೂರನೆಯ ಮಹಡಿಗೆ ಹೊತ್ತವನಿಗೆ ಮೂವತ್ತು ರೂಪಾಯಿ ಕೊಡುವುದು ಭಾರವೆನಿಸುವುದುಂಟು. ಅದು ಭಾರವಾಗಬಾರದು. ಜೋಡಿಸಿಕೊಡುವುದು ಉಚಿತವೆಂದು ಹೇಳಿ ಮಾರಿದ್ದರೆ, ಬಂದ ತಂತ್ರಜ್ಞ ಕೇಳುವ ಬ್ರಾಕೆಟ್ಟು ಕೇಬಲ್ಲುಗಳ ಹಣಕ್ಕೆ ರಸೀದಿ ಪಡೆಯಬೇಕು, ಅದು ಬೆಲೆಗೆ ಸಂಬಂಧಿಸಿದ್ದು; ಮೆಚ್ಚಿ ಕೊಡುವ ಹಣಕ್ಕೆ ರಸೀದಿ ಬೇಕಿಲ್ಲ, ಆದರೆ ಅದು ಕೆಲಸ ಮುಗಿದ ಮೇಲೆ, ಆತನ ಕೈಗೆ ಅಥವಾ ಆತನದೇ ಯುಪಿಐ ಸಂಖ್ಯೆಗೆ ಹೋಗಬೇಕು. ಬಿಲ್ಲಿನಲ್ಲಿ ಸೇವಾ ಶುಲ್ಕ ಕಂಡರೆ ತೆಗೆಯಲು ಹೇಳಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಹಾಗೆ ಉಳಿದ ಹಣದಲ್ಲಿ ಒಂದು ಪಾಲನ್ನು ಬಡಿಸಿದವರ ಕೈಗೆ ಕೊಟ್ಟು ಹೊರಡಿ.