ಸೀತಾಫಲದ ಮೊಗ್ಗು, ಕ್ಯಾನ್ಸರ್ ಕೋಶ, ಕುಷ್ಠದ ಗಂಟು

ಡಾ. ಕಮಲ್ ರಣದಿವೆ ಅಂದರೆ ಸ್ತನ ಕ್ಯಾನ್ಸರ್ ಮತ್ತು ಕುಷ್ಠರೋಗದ ಸಂಶೋಧಕಿ ಎಂದು ಪುಸ್ತಕಗಳು ಹೇಳುತ್ತವೆ. 1982ರಲ್ಲಿ ಪದ್ಮಭೂಷಣ ಬಂದದ್ದೂ ವೈದ್ಯಕೀಯ ಕ್ಷೇತ್ರದ ಸೇವೆಗೇ. ಆದರೆ ನಾನು ಅವರನ್ನು ‘ನಮ್ಮವರು’ ಎಂದುಕೊಳ್ಳುವುದು ಬೇರೆ ಕಾರಣಕ್ಕೆ. 1943ರಲ್ಲಿ ಅವರು ಎಂ.ಎಸ್ಸಿ. ಪಡೆದದ್ದು ಪುಣೆಯ ಕೃಷಿ ಕಾಲೇಜಿನಲ್ಲಿ. ಆಗ ಅವರ ಕೈಯಲ್ಲಿದ್ದದ್ದು ಇಲಿಯೂ ಅಲ್ಲ, ರೋಗಿಯ ಚರ್ಮದ ಚೂರೂ ಅಲ್ಲ. ಸೀತಾಫಲದ ಕುಟುಂಬಕ್ಕೆ ಸೇರಿದ ಗಿಡಗಳ ವರ್ಣತಂತುಗಳನ್ನು ಅವರು ಓದುತ್ತಿದ್ದರು.

ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿದ್ಯಾರ್ಥಿಗಳಿಗೆ ಅದೇ ವರ್ಣತಂತುಗಳನ್ನು ತೋರಿಸುತ್ತಲೇ ನನ್ನ ಉದ್ಯೋಗದ ಬಹುಪಾಲು ಕಳೆದಿದೆ. ಈ ಕೆಲಸ ಓದಿ ಬರುವಂಥದ್ದಲ್ಲ, ಕೈಯಿಂದಲೇ ಬರಬೇಕು. ಈರುಳ್ಳಿಯ ಬುಡವನ್ನು ನೀರಿಗೆ ತಾಗಿಸಿಟ್ಟರೆ ಎರಡು ಮೂರು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ. ಬೆಳಗಿನ ಹೊತ್ತು ಬೇರಿನ ತುದಿ ಕತ್ತರಿಸಿ ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ನೆನೆಸಬೇಕು. ಆಮೇಲೆ ತೆಳು ಆಮ್ಲದಲ್ಲಿ ಬಿಸಿ ಮಾಡಿ ಮೆತ್ತಗಾಗಿಸಿ, ಕೆಂಪು ಬಣ್ಣ ಹಾಕಿ, ತೆಳುಗಾಜು ಮುಚ್ಚಿ, ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಬೆರಳು ಒಂದಿಷ್ಟು ಜಾರಿತೋ, ಕೋಶಗಳೆಲ್ಲ ಹೊಸೆದುಕೊಂಡು ಏನೂ ಕಾಣದು. ಸರಿಯಾಗಿ ಒತ್ತಿದರೆ ಈರುಳ್ಳಿಯ ಹದಿನಾರು ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ನಮ್ಮ ಬದುಗಳ ಮೇಲೆ ಬೆಳೆಯುವ ಸೀತಾಫಲದ್ದು ಹದಿನಾಲ್ಕು. ಮನುಷ್ಯನದು ನಲವತ್ತಾರು. ಲೆಕ್ಕ ಬೇರೆಯಾದರೂ ಕೋಶ ಒಡೆದು ಎರಡಾಗುವ ಬಗೆ ಹೆಚ್ಚುಕಡಿಮೆ ಒಂದೇ. ಆ ಒಡೆಯುವಿಕೆ ಅಂಕೆ ತಪ್ಪಿದಾಗ ಅದಕ್ಕೆ ಕ್ಯಾನ್ಸರ್ ಅನ್ನುತ್ತೇವೆ. ಹಾಗಾಗಿ ಸೀತಾಫಲದಿಂದ ಕ್ಯಾನ್ಸರಿಗೆ ಹೋದದ್ದು ದಾರಿ ಬದಲಿಸಿದ್ದು ಅಂತ ನನಗೆ ಅನ್ನಿಸುವುದೇ ಇಲ್ಲ.

ನಮ್ಮ ಫಾರಂನಲ್ಲೇ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಕಣ್ಣಿಗೆ ಕಾಣಿಸುವುದೇ ಕಷ್ಟ, ಅದರಲ್ಲೂ ತನ್ನಷ್ಟಕ್ಕೇ ಪರಾಗ ಮುಗಿಸಿಕೊಳ್ಳುವ ಜಾತಿ. ಅಂಥ ಹೂವಿನ ಜೊತೆ ಪಟ್ಟು ಹಿಡಿದು ಕೂರುವ ತಾಳ್ಮೆಗೂ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಕೋಶ ಬದುಕಿಸುವ ತಾಳ್ಮೆಗೂ ಜಾತಿ ಒಂದೇ ಎಂದು ನಾನು ನಂಬಿದ್ದೇನೆ.

ಕಮಲ್ ಹುಟ್ಟಿದ್ದು 1917ರ ನವೆಂಬರ್ 8ರಂದು, ಪುಣೆಯಲ್ಲಿ. ತಂದೆ ದಿನಕರ ಸಮರ್ಥ್ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರು. ಮಗಳು ಡಾಕ್ಟರಾಗಲಿ ಎಂಬುದು ಅವರ ಆಸೆ. ಮಗಳು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಆರಿಸಿಕೊಂಡಳು. 1939ರಲ್ಲಿ ಗಣಿತಜ್ಞ ಜೆ.ಟಿ. ರಣದಿವೆಯವರೊಡನೆ ಮದುವೆ, ಮುಂದಿನ ಓದಿಗೆ ಗಂಡನ ಬೆಂಬಲ ಗಟ್ಟಿಯಾಗಿತ್ತು. ಮುಂಬೈಗೆ ಹೋದಾಗ ಅಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಅಲ್ಲಿನ ರೋಗಶಾಸ್ತ್ರಜ್ಞ ಡಾ. ವಿ.ಆರ್. ಖಾನೋಲ್ಕರ್ ಅವರಿಗೆ ಗುರುವಾದರು. 1949ರಲ್ಲಿ ಪಿಎಚ್.ಡಿ. ಆಯಿತು.

ಆಮೇಲೆ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಬಳಿ ತರಬೇತಿ. ಮನುಷ್ಯನ ಕೋಶಗಳನ್ನು ದೇಹದ ಹೊರಗೆ ಬದುಕಿಸುವುದಕ್ಕೆ ಜೀವನವನ್ನೇ ತೆತ್ತವರು ಗೇ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯ ಕೋಶಗಳು ಬೆಳೆಯುತ್ತಲೇ ಹೋದದ್ದು ಅವರ ಪ್ರಯೋಗಾಲಯದಲ್ಲೇ. ಆ ‘ಹೀಲಾ’ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬದುಕಿವೆ. ಆಕೆಯನ್ನಾಗಲೀ ಮನೆಯವರನ್ನಾಗಲೀ ಒಂದು ಮಾತು ಕೇಳದೆ ತೆಗೆದುಕೊಂಡ ಕೋಶಗಳವು. ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಅಲ್ಲಿ ಕಲಿತ ವಿದ್ಯೆಯನ್ನು ಕಮಲ್ ಊರಿಗೆ ತಂದರು. ಖಾನೋಲ್ಕರ್ 1952ರಲ್ಲಿ ಪರೇಲ್‌ನಲ್ಲಿ ಕಟ್ಟಿದ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ತೆರೆದದ್ದು ಅವರೇ. ಸ್ತನ ಕ್ಯಾನ್ಸರಿನ ಮೂಲ ಹುಡುಕಲು ಇಲಿಗಳ ವಂಶಗಳನ್ನು ತಲೆಮಾರುಗಟ್ಟಲೆ ಸಾಕಿದರು. ತಾಯಿ ಇಲಿಯ ಹಾಲಿನ ಮೂಲಕ ಮರಿಗೆ ಕ್ಯಾನ್ಸರಿನ ಬೀಜ ದಾಟುತ್ತದೆ ಎಂದು ಅಮೆರಿಕದ ಬಿಟ್ನರ್ 1936ರಲ್ಲೇ ತೋರಿಸಿದ್ದರು. ಅದೊಂದು ವೈರಸ್ ಎಂದು ಆಮೇಲೆ ತಿಳಿಯಿತು. ವೈರಸ್ ಒಂದೇ ಸಾಲದು, ಅನುವಂಶೀಯತೆ ಮತ್ತು ಹಾರ್ಮೋನುಗಳನ್ನೂ ಸೇರಿಸಿ ನೋಡಬೇಕು ಎಂಬ ದಾರಿಯಲ್ಲಿ ಕಮಲ್ ನಡೆದರು. ತಳಿ ಶುದ್ಧವಾಗಿಡುವ ಕಷ್ಟ ನಮ್ಮ ಫಾರಂನವರಿಗೆ ಹೊಸದಲ್ಲ. ಒಂದು ಸಾಲು ಬೆರಕೆಯಾದರೆ ವರ್ಷಗಳ ಶ್ರಮ ನೀರಿಗೆ ಹೋದಂತೆ.

ಕ್ಯಾನ್ಸರ್ ಕೇಂದ್ರಕ್ಕೆ ಕುಷ್ಠರೋಗದಲ್ಲಿ ಏನು ಕೆಲಸ? ನನಗೆ ಅತಿ ಹೆಚ್ಚು ಹಿಡಿಸಿದ ಭಾಗ ಇದೇ. ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ ಕಂಡದ್ದು 1873ರಲ್ಲಿ. ಇವತ್ತಿಗೂ ಅದನ್ನು ಗಾಜಿನ ತಟ್ಟೆಯ ಮೇಲೆ ಯಾರೂ ಬೆಳೆಸಿಲ್ಲ. ಅದು ಒಂದು ಎರಡಾಗಲು ಹನ್ನೆರಡು ಹದಿಮೂರು ದಿನ ತೆಗೆದುಕೊಳ್ಳುತ್ತದೆ, ಅದೂ ಜೀವಂತ ಕೋಶದ ಒಳಗೇ. ಚರ್ಮ ಮತ್ತು ನರ ಅದರ ಮನೆ. ಬೆಳೆಸಲಾಗದ ರೋಗಾಣುವಿಗೆ ಲಸಿಕೆ ಮಾಡುವುದು ಹೇಗೆ? ಖಾನೋಲ್ಕರ್ ಕುಷ್ಠ ನರಗಳನ್ನು ಹೇಗೆ ಹಾಳುಮಾಡುತ್ತದೆಂದು ಆಳವಾಗಿ ಅಭ್ಯಾಸ ಮಾಡಿದ್ದವರು. ಜೀವಂತ ಕೋಶ ಬೆಳೆಸುವ ಕೈ ಕಮಲ್ ಅವರದು. ರೋಗಿಯ ಚರ್ಮದ ಗಂಟಿನಿಂದ ತೆಗೆದ ರೋಗಾಣುಗಳನ್ನು ಮನುಷ್ಯ ಭ್ರೂಣದ ನರಕೋಶಗಳ ಕೃಷಿಯಲ್ಲಿಟ್ಟು ಬೆಳೆಸಲು ನೋಡಿದರು. ಬಾಪಟ್, ರಣದಿವೆ, ಖಾನೋಲ್ಕರ್ ಮೂವರೂ ಸೇರಿ 1958ರಲ್ಲಿ ಒಂದು ರೋಗಾಣುವನ್ನು ಬೆಳೆಸಿಯೂ ತೋರಿಸಿದರು. ಕೇಂದ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದು ‘ಐಸಿಆರ್‌ಸಿ ಬ್ಯಾಸಿಲಸ್’ ಆಯಿತು.

ಅದು ಕುಷ್ಠದ ರೋಗಾಣುವೇ ಅಲ್ಲ, ಅದರ ದಾಯಾದಿ ಎಂದು ಮುಂದೆ ಗೊತ್ತಾಯಿತು. ಹಾಗೆಂದು ಕೆಲಸ ವ್ಯರ್ಥವಾಗಲಿಲ್ಲ. ದಾಯಾದಿಯನ್ನು ಕೊಂದು ಚುಚ್ಚಿದರೂ ದೇಹದ ರಕ್ಷಣಾ ವ್ಯವಸ್ಥೆ ಕುಷ್ಠದ ವಿರುದ್ಧ ಎಚ್ಚರಗೊಳ್ಳುತ್ತದೆ ಎಂಬ ಆಧಾರದ ಮೇಲೆ ಅದೇ ಸಂಸ್ಥೆಯಲ್ಲಿ ಲಸಿಕೆ ತಯಾರಾಯಿತು. 1991ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಸುತ್ತ ಬೇರೆ ಬೇರೆ ಲಸಿಕೆಗಳನ್ನು ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಕೊಟ್ಟು ಹೋಲಿಸಿದರು. 1998ರಲ್ಲಿ ಫಲಿತಾಂಶ ಬಂತು: ಐಸಿಆರ್‌ಸಿ ಲಸಿಕೆ ಶೇ 65ರಷ್ಟು ರಕ್ಷಣೆ ಕೊಟ್ಟಿತ್ತು, ಬಿಸಿಜಿ ಒಂದೇ ಕೊಟ್ಟಾಗ ಶೇ 34. ಅಷ್ಟರಲ್ಲಿ ಮೂರು ಔಷಧಿಗಳ ಚಿಕಿತ್ಸೆಯೇ ದೇಶದ ತುಂಬ ರೋಗವನ್ನು ಇಳಿಸಿತ್ತು.

ಚರ್ಮದ ಮೇಲಿನ ಇನ್ನೊಂದು ಸಂಶೋಧನೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಹೆಂಗಸರಿಗೆ ಹೇಳಲೇಬೇಕು. 1945ರಲ್ಲಿ ಖಾನೋಲ್ಕರ್ ಮತ್ತು ಸೂರ್ಯಾಬಾಯಿ ನಮ್ಮ ಜನರ ರೂಢಿಗಳಿಂದ ಬರುವ ಕ್ಯಾನ್ಸರುಗಳ ಬಗ್ಗೆ ಬರೆದರು. ಅದರಲ್ಲಿ ಒಂದು ‘ಧೋತಿ ಕ್ಯಾನ್ಸರ್’: ಸೊಂಟದ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಪಂಚೆ ಬಿಗಿದು ಕಟ್ಟಿ, ಚರ್ಮ ಉಜ್ಜಿ, ಕಪ್ಪಾಗಿ, ಹುಣ್ಣಾಗಿ, ಆ ಹುಣ್ಣು ಕ್ಯಾನ್ಸರಿಗೆ ತಿರುಗುವುದು. ಇಂಥದ್ದೇ ಸೀರೆಯಿಂದಲೂ ಆಗುತ್ತದೆ. 2024ರಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ವಯಸ್ಸಾದ ಹೆಂಗಸರ ವಿಷಯ ಪ್ರಕಟಿಸಿದರು. ಇಬ್ಬರಿಗೂ ಬಲಪಕ್ಕೆಯಲ್ಲಿ ವರ್ಷ ಕಳೆದರೂ ಮಾಯದ ಹುಣ್ಣು. ಒಬ್ಬರು ಲಂಗದ ಲಾಡಿ ಬಿಗಿದು ಕಟ್ಟುತ್ತಿದ್ದವರು, ಇನ್ನೊಬ್ಬರು ಲಂಗವಿಲ್ಲದೆ ಸೀರೆಯನ್ನೇ ಬಿಗಿಯುತ್ತಿದ್ದವರು. ಒಬ್ಬರಿಗೆ ತೊಡೆಸಂದಿನ ಗ್ರಂಥಿಗೂ ಹಬ್ಬಿತ್ತು. ಇದು ಅಪರೂಪದ ಕಾಯಿಲೆ, ಗಾಬರಿ ಬೇಡ. ಆದರೆ ನಾಟಿ ಹೊತ್ತಿನಲ್ಲಿ ನಾಲೆ ನೀರಿನ ಗದ್ದೆಯೊಳಗೆ ದಿನವಿಡೀ ಬಗ್ಗುವಾಗ, ಸೀರೆ ಮೇಲಕ್ಕೆ ಸಿಕ್ಕಿಸಿ ಲಾಡಿಯನ್ನು ಇನ್ನೊಂದು ಸುತ್ತು ಬಿಗಿಯದ ಹೆಂಗಸನ್ನು ನಾನು ಫಾರಂನಲ್ಲಿ ನೋಡಿಲ್ಲ. ಬೆವರು, ಕೆಸರು, ಹತ್ತಿಯ ಹುರಿ, ಎಲ್ಲ ಒಂದೇ ಗೆರೆಯ ಮೇಲೆ. ಲಾಡಿ ಅಗಲವಾಗಿರಲಿ, ಕಟ್ಟುವ ಜಾಗ ಆಗಾಗ ಬದಲಾಗಲಿ, ಅಲ್ಲಿ ಹುಣ್ಣಾಗಿ ತಿಂಗಳಾದರೂ ಮಾಯದಿದ್ದರೆ ತೋರಿಸಿಕೊಳ್ಳಿ ಎಂದು ಗದ್ದೆ ಬದುವಿನಲ್ಲಿ ನಿಂತು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಕುಷ್ಠದ ಮಾತು ಎತ್ತುವುದು ಇನ್ನೂ ಕಷ್ಟ. ನಾಟಿಗೆ ಬರುತ್ತಿದ್ದ ಒಬ್ಬಾಕೆಯ ಮುಂಗೈ ಮೇಲೆ ಮಾಸಲು ಮಚ್ಚೆ ಇತ್ತು. ಕೇಳಿದರೆ, “ನೋವಿಲ್ಲ, ತುರಿಕೆಯಿಲ್ಲ, ಬುಡಿ ಮೇಡಮ್ಮ, ತೊನ್ನಿರ್ಬೇಕು” ಅಂದಳು. ನೋವಿಲ್ಲ ಎಂಬುದೇ ನನ್ನನ್ನು ಹೆದರಿಸಿದ್ದು. ತೊನ್ನಿನ ಜಾಗದಲ್ಲಿ ಮುಟ್ಟಿದ್ದು ಗೊತ್ತಾಗುತ್ತದೆ, ಕುಷ್ಠದ ಮಚ್ಚೆಯಲ್ಲಿ ಬಹಳ ಸಲ ಗೊತ್ತಾಗುವುದಿಲ್ಲ. ಆಕೆ ಕಣ್ಣು ಮುಚ್ಚಿಕೊಂಡಳು, ಹತ್ತಿಯ ಎಳೆಯಿಂದ ಸವರಿದೆ, ಆ ಜಾಗದಲ್ಲಿ ಅವಳಿಗೆ ತಿಳಿಯಲಿಲ್ಲ. ಮಾರನೇ ದಿನವೇ ಇಬ್ಬರೂ ಆಸ್ಪತ್ರೆಗೆ ಹೋದೆವು. ಆರು ತಿಂಗಳ ಮಾತ್ರೆಗೆ ಕಾಸು ಖರ್ಚಾಗಲಿಲ್ಲ, ಬೆರಳು ಮಡಿಚಿಕೊಳ್ಳುವ ಮೊದಲೇ ವಾಸಿಯಾಯಿತು. ಮಚ್ಚೆ ಹೆಚ್ಚಿದ್ದರೆ ಒಂದು ವರ್ಷ ನುಂಗಬೇಕಾಗುತ್ತದೆ.

ಪಕ್ಕದ ಶಿವಳ್ಳಿಯವರೇ ಆದ ಚರ್ಮರೋಗ ವೈದ್ಯ ಡಾ. ಶಂಕರೇಗೌಡರು ಮಂಡ್ಯದ ‘ಐದು ರೂಪಾಯಿ ಡಾಕ್ಟರ್’ ಎಂದೇ ನಾಡಿಗೆಲ್ಲ ಗೊತ್ತು. ಹಾಗಾಗಿ ಚರ್ಮ ತೋರಿಸಲು ದುಡ್ಡಿಲ್ಲ ಎಂಬ ಮಾತು ನಮ್ಮ ಸೀಮೆಯಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ನಾಚಿಕೆ ಮತ್ತು ಭಯ. ಕಮಲ್ ಅದನ್ನು ಚೆನ್ನಾಗಿ ಬಲ್ಲವರು. 1973ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಕಟ್ಟಿದವರಲ್ಲಿ ಒಬ್ಬರಾಗಿದ್ದ ಅವರು, ನಿವೃತ್ತಿಯಾದ ಮೇಲೆ ಅಹಮದ್‌ನಗರ ಜಿಲ್ಲೆಯ ಹಳ್ಳಿಗಳಿಗೆ ಹೋದರು. ಆದಿವಾಸಿ ಮಕ್ಕಳ ಪೌಷ್ಟಿಕತೆಯನ್ನು ಅಳೆದರು, ಹಳ್ಳಿಯ ಹೆಂಗಸರಿಗೇ ಆರೋಗ್ಯದ ತರಬೇತಿ ಕೊಟ್ಟರು. 2001ರಲ್ಲಿ ತೀರಿಕೊಂಡರು. ನಮ್ಮ ಕಾಲೇಜಿನ ಹುಡುಗಿಯರು “ಬಿ.ಎಸ್ಸಿ. ಅಗ್ರಿ ಓದಿದರೆ ವೈದ್ಯಕೀಯ ಸಂಶೋಧನೆಗೆ ಹೋಗಬಹುದಾ ಮೇಡಂ?” ಎಂದು ಕೇಳುತ್ತಾರೆ. ನಾನು ಈ ಹೆಸರು ಹೇಳಿ, ಮೊದಲು ಈರುಳ್ಳಿಯ ಹದಿನಾರನ್ನೂ ಬಿಡಿಸಿ ತೋರಿಸು ಅನ್ನುತ್ತೇನೆ.