ಮಾತಿನ ನಡುವೆ ವೈ-ಫೈ ಕೈಕೊಟ್ಟರೆ

ಊರಿನಲ್ಲಿರುವ ಅಮ್ಮನ ಜೊತೆ ವಾಟ್ಸ್ಆ್ಯಪ್‌ನಲ್ಲಿ ಮಾತಾಡುತ್ತಾ ಹಾಲ್‌ನಿಂದ ಅಡುಗೆಮನೆಗೆ ಹೋದಿರಿ, ಮಾತು ತುಂಡಾಯಿತು. ಕೂಡಲೇ ಫೋನನ್ನು ಬೈಯಬೇಡಿ. ಅದೇ ಜಾಗದಲ್ಲಿ ಮನೆಯ ಇನ್ನೊಂದು ಫೋನ್ ಹಿಡಿದು ನೋಡಿ. ಅದೂ ತಡವರಿಸಿದರೆ ತೊಂದರೆ ಫೋನಿನದಲ್ಲ.

ಈಗಿನ ಹೆಚ್ಚಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ನಮ್ಮ ಎಫ್‌ಎಂ, ಮೀಡಿಯಂ ವೇವ್ ಇದ್ದ ಹಾಗೆ ಅಂದುಕೊಳ್ಳಿ. 5 ಚುರುಕು, ಆದರೆ ಗೋಡೆ ದಾಟುವಾಗ ಸೊರಗುತ್ತದೆ. 2.4 ದೂರ ಹೋಗುತ್ತದೆ. ಆದರೆ ಮುಂಬೈ, ಪುಣೆಯ ಫ್ಲ್ಯಾಟುಗಳಲ್ಲಿ ಅಕ್ಕಪಕ್ಕದ ಮನೆಗಳ ರೂಟರ್‌ಗಳೂ ಅಲ್ಲೇ ನೂಕಾಡುತ್ತಿರುತ್ತವೆ. ಆ ಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಬಾರದಂತೆ ಬಳಸುವ ಚಾನೆಲ್‌ಗಳು ಮೂರೇ: 1, 6, 11. ಸಾಲದ್ದಕ್ಕೆ ಮೈಕ್ರೋವೇವ್ ಓವನ್ ಕೂಡ ಅದೇ ಪಟ್ಟಿಯದು!

ರೂಟರನ್ನು ಟಿವಿ ಹಿಂದಿನಿಂದ, ಕಪಾಟಿನೊಳಗಿನಿಂದ ಹೊರತೆಗೆದು ಮನೆಯ ನಡುವೆ ಎತ್ತರದಲ್ಲಿಡಿ. ನನ್ನ ಮಟ್ಟಿಗೆ ಮೊದಲ ಮದ್ದು ಇದೇ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಎರಡು ಪಟ್ಟಿಗೂ ಬೇರೆ ಬೇರೆ ಹೆಸರು ಕೊಟ್ಟರೆ, ಹಾಲ್‌ನಲ್ಲಿ 5, ದೂರದ ಕೋಣೆಯಲ್ಲಿ 2.4 ಅಂತ ನೀವೇ ಆರಿಸಬಹುದು. ಓಡಾಡುತ್ತಾ ಮಾತಾಡುವವರು 2.4ರಲ್ಲೇ ಇರಿ.

ನಿಮ್ಮ ಫೋನೊಂದೇ ಹಟ ಮಾಡುತ್ತಿದೆಯೇ? ಬ್ಯಾಟರಿ ಸೇವರ್ ಆಫ್ ಮಾಡಿ. ಆಮೇಲೆ ಆ ನೆಟ್‌ವರ್ಕನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿಸಿ. ಪಾಸ್‌ವರ್ಡ್ ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ, ಮಾರಾಯ್ರೆ!